ಒಡವೆಯ ಅಂಕಿತವೂ ಕರ್ತೃವಿಚಾರವೂ

ಗಾಜನ್ನು ರತ್ನವಾಗಿಯೂ ಮುಲಾಮನ್ನು ಚಿನ್ನವಾಗಿಯೂ ತೋರಿಸುವ ಅಮೆರಿಕದ ಅನುಕರಣಾಭರಣಗಳಲ್ಲಿ ಸ್ಟರ್ಲಿಂಗ್ ಬೆಳ್ಳಿಯವಕ್ಕೆ ಸಂಗ್ರಾಹಕರ ವಿಶೇಷ ಮನ್ನಣೆಯುಂಟು. ಸ್ಟರ್ಲಿಂಗ್ ಎಂದರೆ ಸಾವಿರಕ್ಕೆ 925 ಭಾಗ ಬೆಳ್ಳಿ. ಉಳಿದುದು ಸಾಮಾನ್ಯವಾಗಿ ತಾಮ್ರ. ಎರಡನೆಯ ಮಹಾಯುದ್ಧದಲ್ಲಿ ತವರ ಮೊದಲಾದ ಲೋಹಗಳು ಯುದ್ಧಸಾಮಗ್ರಿಗೆ ಮೀಸಲಾದುದರಿಂದ 1942ರಿಂದೀಚೆಗೆ ತಯಾರಕರು ಬೆಳ್ಳಿಯನ್ನು ಹಿಡಿದರು. ಕಲ್ಲು ಸುಳ್ಳು, ಹೊರಬಣ್ಣ ಸುಳ್ಳು, ಒಳಲೋಹ ಮಾತ್ರ ನಿಜ. ವಿಚಿತ್ರವಾದ ಜಾತಿಯೇ ಸರಿ.

ಇದರಿಂದ ಸ್ಟರ್ಲಿಂಗ್ ಮುದ್ರೆಯುಳ್ಳುದೆಲ್ಲ ಯುದ್ಧಕಾಲದ್ದೆಂದು ಅನೇಕರು ನಿರ್ಣಯಿಸುವರು. ಈ ಹೇತು ವ್ಯಭಿಚಾರಿಯಾದುದು. ಬೆಳ್ಳಿಯ ಬಳಕೆ ಯುದ್ಧಕ್ಕೆ ಮುಂಚೆಯೂ ಇದ್ದಿತು, ಆಮೇಲೆಯೂ ನಡೆಯಿತು. ಸಂಖ್ಯೆಯನ್ನು ನಂಬಿದವರೂ ಎಡವಿರುವರು. ಕೋರೋ ಸಂಸ್ಥೆಯ ‘ಡ್ಯುಯೆಟ್’ ಎಂಬ ಜೋಡಿ ಕ್ಲಿಪ್ಪುಗಳ ಚೌಕಟ್ಟಿನಲ್ಲಿ 1798867 ಎಂಬ ಪೇಟೆಂಟ್ ಸಂಖ್ಯೆ ಕಾಣುವುದು. ಅದು 1931ರದು, ಆದರೆ ಎರಡು ಕ್ಲಿಪ್ಪುಗಳನ್ನು ಕೂಡಿಸುವ ಯಂತ್ರರಚನೆಗೆ ಸಂಬಂಧಿಸಿದುದೇ ಹೊರತು ಮೇಲಣ ಹೂವಿನ ಅಥವಾ ಹಕ್ಕಿಯ ರೂಪಕ್ಕಲ್ಲ. 1940ರ ದಶಕದ ಒಡವೆಯನ್ನು ಈ ಸಂಖ್ಯೆಯ ಬಲದಿಂದ ಹತ್ತು ವರ್ಷ ಹಿಂದಕ್ಕೆ ತಳ್ಳುವುದು, ಹಳೆಯ ಓಲೆಗರಿಯಲ್ಲಿ ಬರೆದ ಹೊಸ ಗ್ರಂಥವನ್ನು ಹಳೆಯದೆಂದಂತೆ.

ರೂಪಕ್ಕೆ ಪ್ರಮಾಣವಾಗತಕ್ಕದ್ದು ವಿನ್ಯಾಸದ ಪೇಟೆಂಟು. ಚಿತ್ರ, ಅರ್ಜಿಯ ದಿನ, ಕರ್ತೃವಿನ ಹೆಸರು, ಮೂರೂ ಅದರಲ್ಲಿ ದೊರೆಯುವುವು. ಇಟಲಿಯ ಕಾರ್ಲಾ ಜಿನೆಲ್ಲಿ ಬ್ರುನಿಯಾಲ್ಟಿ, ರೊಬೆರ್ತೊ ಬ್ರುನಿಯಾಲ್ಟಿ ಇವರು ಈ ಪತ್ರಗಳನ್ನು ಒಡವೆಗಳೊಡನೆ ಹೋಲಿಸಿ ನೋಡಿದ ಶ್ರಮ ಶ್ಲಾಘ್ಯವಾದುದು. ಕಾಲದ ವಿಷಯದಲ್ಲಿ ಇದಕ್ಕಿಂತ ಬಲವಾದ ಸಾಕ್ಷ್ಯವಿಲ್ಲ. ಕರ್ತೃತ್ವದ ವಿಷಯದಲ್ಲಿಯೂ ಹಾಗೆಯೇ ಎನ್ನಬಹುದೆ?

ಕೋರೋವಿನ ಬಹುಸಂಖ್ಯೆಯ ಪೇಟೆಂಟುಗಳಲ್ಲಿರುವ ಹೆಸರು ಅಡಾಲ್ಫ್ ಕಾಟ್ಸ್. ಆತನು ವಿನ್ಯಾಸವಿಭಾಗದ ಮುಖ್ಯಸ್ಥನು. ಬರೆದು ತಂದುದನ್ನು ಆಯುವವನು. ಅಲ್ಲಿ ದೀರ್ಘಕಾಲ ದುಡಿದ ಜೀನ್ ವೆರಿ ಮೊದಲಾದವರ ಕೈ ಆ ಹೆಸರಿನ ಮರೆಯಲ್ಲಿ ಅಡಗಿದೆ. ಅರ್ಜಿದಾರನೇ ನಿರ್ಮಾಪಕನೆಂದು ಕಾನೂನು ಭಾವಿಸುವುದರಿಂದ ವಿಮರ್ಶಕನೂ ಹಾಗೆ ಭಾವಿಸಬೇಕಾಗಿಲ್ಲ. ‘ಕೂಡಲಸಂಗಮದೇವ’ ಎಂಬ ಅಂಕಿತವಿದ್ದ ಮಾತ್ರಕ್ಕೆ ಪ್ರತಿಯೊಂದು ವಚನವನ್ನೂ ಬಸವಣ್ಣನವರದೆಂದು ಸಂಪಾದಕರು ಒಪ್ಪುವುದಿಲ್ಲವಷ್ಟೆ.

ಟ್ರಿಫಾರಿಯ ಆಲ್ಫ್ರೆಡ್ ಫಿಲಿಪ್ಪನ ಸಂಗತಿ ಬೇರೆ. ನಿಜರತ್ನದ ಒಡವೆಗಳಲ್ಲಿ ಪಳಗಿ 1930ರಲ್ಲಿ ಅಲ್ಲಿಗೆ ಬಂದ ಆತನ ಹೆಸರಿನ ಪತ್ರಗಳಿಗೂ, ಕಲ್ಲು ಕೂರಿಸುವುದರಲ್ಲಿ ಕಾಣುವ ಒಂದೇ ಬಗೆಯ ನಯಕ್ಕೂ ಹೊಂದಿಕೆಯುಂಟು. ಲೂಸೈಟಿನ ಹೊಟ್ಟೆಯುಳ್ಳ ಬೆಳ್ಳಿಯ ಪ್ರಾಣಿಗಳಲ್ಲಿ ಇದನ್ನು ಸ್ಪಷ್ಟವಾಗಿ ನೋಡಬಹುದು. ಅಲ್ಲಿ ಪತ್ರವೂ ಶೈಲಿಯೂ ಒಂದನ್ನೊಂದು ಸಮರ್ಥಿಸುವುವು. ಕೋರೋವಿನಲ್ಲಿ ಅಂತಹ ಸಂವಾದವಿಲ್ಲದ ಕಡೆ ಸೂಚಿಗಳಲ್ಲಿ ‘ಕಾಟ್ಸ್ ಕೃತಿ’ ಎಂಬುದನ್ನು ತೆಗೆದು ‘ಕಾಟ್ಸ್ ಹೆಸರಿನ ಪೇಟೆಂಟು’ ಎಂದು ತಿದ್ದುವುದು ಯುಕ್ತವಾಗಿದೆ.