ಲೆವಿಯ ಬಂದೀಕಥನವೂ ಸಾಧಾರಣೀಕರಣವೂ

ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಸರ್ಕಾರವು ಸೆರೆಯಾಳುಗಳನ್ನೂ ಪರದೇಶದ ಪ್ರಜೆಗಳನ್ನೂ ಹಿಡಿದು ತಂದು ದುಡಿಸಿದುದು ಕೋಟಿಯನ್ನು ಮೀರಿದ ಸಂಖ್ಯೆಯಲ್ಲಿ. ಅವರಲ್ಲೊಬ್ಬನಾದ ಇಟಲಿಯ ಪ್ರೀಮೋ ಲೆವಿಯು 1947ರಲ್ಲಿ ಪ್ರಕಟಿಸಿದ ‘ಇವನು ಮನುಷ್ಯನಾದರೆ’ ಎಂಬ ಗ್ರಂಥವನ್ನು ಕರುಣರಸಪ್ರಧಾನವೆಂದು ಹೇಳಿ ಮುಗಿಸುವುದು ಸುಲಭ. ಆ ನಿರ್ಣಯವು ನನಗೆ ಒಪ್ಪಿಗೆಯಿಲ್ಲ.

ಮೊದಲು ದಾಸಶಬ್ದವನ್ನು ವಿಚಾರಿಸಬೇಕು. ನಾರದಸ್ಮೃತಿಯು ಹದಿನೈದು ಬಗೆಯ ದಾಸರನ್ನು ಎಣಿಸುವುದು. ಯುದ್ಧದಲ್ಲಿ ದೊರೆತವನು ಅವರಲ್ಲೊಬ್ಬನು. ಒತ್ತೆಯಾಳಿನಿಂದ ಹೆಣ ಹೊರಿಸಿದರೆ ಒಡೆಯನು ಕೊಟ್ಟ ಹಣವನ್ನೇ ಕಳೆದುಕೊಳ್ಳುವನೆಂದು ಕೌಟಿಲ್ಯನ ಮತ. ದಾಸ್ಯವು ಹೇಯವೇ ಸರಿ; ಆದರೂ ಅಲ್ಲಿ ದಾಸನ ಸಾವು ಒಡೆಯನಿಗೆ ನಷ್ಟವು. ಲೆವಿಯಿದ್ದ ಆಶ್‌ವಿಟ್ಸ್ ಸಮೀಪದ ಮೋನೋವಿಟ್ಸ್‌ನಲ್ಲಿ ಈ ಲೆಕ್ಕವೂ ಇಲ್ಲ. ಸರ್ಕಾರದ ಎಸ್.ಎಸ್. ಪಡೆಯು ಬಂದಿಗಳನ್ನು ಐ.ಜಿ. ಫಾರ್ಬೆನ್ ಕಂಪೆನಿಗೆ ದಿನಬಾಡಿಗೆಗೆ ಕೊಡುತ್ತಿದ್ದಿತು: ಕುಶಲನಾದರೆ 4 ಮಾರ್ಕು, ಅಲ್ಲದಿದ್ದರೆ 3. ದುಡಿದವನಿಗೆ ಏನೂ ಇಲ್ಲ. ಬಿದ್ದವನ ಸ್ಥಾನಕ್ಕೆ ಇನ್ನೊಬ್ಬನು. ಇಷ್ಟು ಜನರ ಪ್ರಾಣವನ್ನು ತೆತ್ತು ಕಟ್ಟಿಸಿದ ಆ ಕಾರ್ಖಾನೆಯಿಂದ ಕೃತಕ ರಬ್ಬರು ಹೊರಬೀಳಲೇ ಇಲ್ಲ. ‘ವಿಷ್ಟಿ’ಯಿಂದ ಬಂದ ನಮ್ಮ ‘ಬಿಟ್ಟಿ’ ಎಂಬ ಮಾತು ಇದಕ್ಕೆ ಸಾಲದು.

ಇನ್ನು ಕಥನರೀತಿ. 1944ರಲ್ಲಿ, ಟ್ಯೂರಿನ್ ವಿಶ್ವವಿದ್ಯಾಲಯದ ಪದವೀಧರನಾದ ಲೆವಿಯನ್ನು ಕಾರ್ಖಾನೆಯ ಪ್ರಯೋಗಶಾಲೆಗಾಗಿ ಪರೀಕ್ಷಿಸುತ್ತಾರೆ. ಪರೀಕ್ಷಕನು ಗಾಜಿನಾಚೆಯ ಜಲಚರವನ್ನು ಕಾಣುವಂತೆ ಅವನನ್ನು ಕಾಣುತ್ತಾನೆ. ಹಿಂದಿರುಗುವಾಗ ಬಂದಿಗಳ ಮೇಲಾಳು ಅಲೆಕ್ಸನು ಕೈಗಂಟಿದ ಜಿಡ್ಡನ್ನು ಲೆವಿಯ ಭುಜಕ್ಕೆ ಒರಸುತ್ತಾನೆ. ಅದರಲ್ಲಿ ದ್ವೇಷವಿಲ್ಲ, ಪರಿಹಾಸವೂ ಇಲ್ಲ. ಒರಸಲು ಬಟ್ಟೆಯೊಂದು ಸಿಕ್ಕಿತು, ಅಷ್ಟೆ. ರಸವನ್ನು ಸ್ವಶಬ್ದದಿಂದ ಹೇಳಕೂಡದೆಂಬ ಆನಂದವರ್ಧನನ ಮತಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಗದ್ಯದಲ್ಲಿ ನಾನು ಕಂಡಿಲ್ಲ. ಇಲ್ಲಿ ಪ್ರಲಾಪವಿಲ್ಲ, ಶೋಕವೆಂಬುದು ವಾಚಕನ ಹೃದಯದಲ್ಲಿಯೂ ಕೂಡಲೆ ಏಳುವುದಿಲ್ಲ. ಮೊದಲು ಬರುವುದು ನಾಚಿಕೆ.

ತೊಡಕಿರುವುದು ಅಭಿನವಗುಪ್ತನ ವಿಷಯದಲ್ಲಿ. ದೇಶಕಾಲವಿಶೇಷಗಳಲ್ಲಿ ಮನಸ್ಸು ಸಿಕ್ಕಿಕೊಳ್ಳುವುದು ರಸವಿಘ್ನವೆಂದು ಆತನು ಹೇಳುವನು. ಲೆವಿಯಾದರೋ ವಿಶೇಷವನ್ನೇ ಬಿಡಲೊಲ್ಲನು: ತೋಳಿನ ಮೇಲೆ ಹಚ್ಚೆಯಾಗಿ ಚುಚ್ಚಿದ 174517 ಎಂಬ ಅಂಕ, ರೊಟ್ಟಿಯ ತುಂಡು, ಮರದ ಅಟ್ಟೆಯ ಪಾದರಕ್ಷೆ, ಊರು, ತಿಂಗಳು. ಇದನ್ನು ವಿಘ್ನವೆನ್ನೋಣವೆ? ಹೆಸರನ್ನು ಅಳಿಸಿ ಅಂಕವನ್ನು ಕೊಟ್ಟುದೇ ಆ ಶಿಬಿರದ ಮೊದಲ ಕೃತ್ಯ. ನಾವೂ ಈ ವಿಶೇಷಗಳನ್ನು ಕರಗಿಸಿ ‘ಒಬ್ಬ ದುಃಖಿ’ ಎಂದು ಮಾಡಿಕೊಂಡರೆ ಅದೇ ಕೃತ್ಯವನ್ನು ಮುಂದುವರಿಸಿದಂತಾಗುವುದು. ಕಾವ್ಯನಾಟಕಗಳಿಗೆ ಹೇಳಿದ ಸಾಧಾರಣೀಕರಣವು ಸಾಕ್ಷಿಯ ಮಾತಿಗೆ ಹಾಗೆಯೇ ಅನ್ವಯಿಸದೆಂದೇ ನನ್ನ ಅಭಿಪ್ರಾಯ. ಪ್ರಾಚೀನರು ಈ ಪ್ರಶ್ನೆಯನ್ನು ಎತ್ತಬೇಕಾಗಿಯೇ ಬರಲಿಲ್ಲ; ಇದರಲ್ಲಿ ಅವರ ನ್ಯೂನತೆಯೇನೂ ಇಲ್ಲ.

ಅಧ್ಯಾಪಕರಿಗೆ ಒಂದು ಮಾತು. ಲೆವಿಯು ಸಹಬಂದಿಯೊಬ್ಬನಿಗೆ ದಾಂತೆಯ ಯುಲಿಸೀಸನ ಸರ್ಗವನ್ನು ನೆನೆನೆನೆದು ಹೇಳುವ ಅಧ್ಯಾಯವನ್ನು ಮಾತ್ರ ಎತ್ತಿಕೊಂಡು ಕಾವ್ಯಮಹಿಮೆಯೆಂದು ವ್ಯಾಖ್ಯಾನಿಸುವ ಆಸೆ ಯಾರಿಗಾದರೂ ಹುಟ್ಟೀತು. ಅವರಿಬ್ಬರು ಆಗ ಹೊರಟಿದ್ದುದು ಸಾರಿನ ಹಂಡೆಯನ್ನು ಹೊತ್ತು ತರುವುದಕ್ಕೆ. ಪದ್ಯಗಳು ನಡುನಡುವೆ ಮರೆತುಹೋಗುತ್ತವೆ. ಅಷ್ಟರಲ್ಲಿ ಅಡಿಗೆಮನೆಯ ಸರದಿಯ ಸಾಲು ಬಂದುಬಿಡುತ್ತದೆ, ಆ ದಿನ ಎಲೆಕೋಸು ಟರ್ನಿಪ್ ಗೆಡ್ಡೆಗಳ ಸಾರೆಂದು ಕೂಗಿ ಹೇಳುತ್ತಾರೆ. ಆ ಕೂಗನ್ನೂ ಪಾಠದಲ್ಲಿ ಉಳಿಸಿಕೊಳ್ಳಬೇಕು.