ಮಾರ್ಗದರ್ಶಕ ಆರ್.ಎನ್.ಎ.: ಒಂದು ಪ್ರಮಾಣವಿಮರ್ಶೆ

ಪ್ರೋಟೀನುಗಳನ್ನು ನಿರ್ಮಿಸುವ ರೈಬೋಸೋಮಿನ ಆರ್.ಎನ್.ಎ. ಎಳೆಗಳಲ್ಲಿ ಕೆಲವು ನಿಯತಸ್ಥಾನಗಳ ಸಕ್ಕರೆಗೆ ಮೀಥೈಲ್ ಗುಂಪು ಸೇರಿರುವುದುಂಟು. ಮಾನವನಲ್ಲಿ ಇಂತಹ ಸ್ಥಾನಗಳು ನೂರಕ್ಕೂ ಮಿಕ್ಕಿವೆ. ಸಾವಿರಾರು ಅಕ್ಷರಗಳ ನಡುವೆ ಇವೇ ಆಯ್ಕೆಯಾಗುವುದೆಂತು? ಕಿಶ್-ಲಾಸ್ಲೊ ಮತ್ತು ಸಂಗಡಿಗರು 1996ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಇದಕ್ಕೆ ಉತ್ತರವನ್ನಿತ್ತರು. ನ್ಯೂಕ್ಲಿಯೋಲಸ್ಸಿನ ಕಿರು ಆರ್.ಎನ್.ಎ. ತನ್ನ ಪೂರಕಭಾಗದಿಂದ ರೈಬೋಸೋಮಿನ ಎಳೆಯೊಡನೆ ಜೋಡಿಗೊಳ್ಳುತ್ತದೆ. ‘ಡಿ’ ಎಂಬ ಅಕ್ಷರಗುಚ್ಛದಿಂದ ಹಿಂದಕ್ಕೆ ಎಣಿಸಿದ ಐದನೆಯ ಅಕ್ಷರಕ್ಕೆ ಜೋಡಿಯಾದುದೇ ಲಕ್ಷ್ಯವೆಂಬುದು ಅವರ ಸಿದ್ಧಾಂತ.

ಇದಕ್ಕೆ ಪ್ರಮಾಣವೇನು? ಯೀಸ್ಟಿನಲ್ಲಿ ಯು-24 ಎಂಬ ಕಿರು ಆರ್.ಎನ್.ಎ.ಯನ್ನು ತೊಲಗಿಸಲು, ಅದಕ್ಕೆ ಸಂಬಂಧಿಸಿದ ಸ್ಥಾನಗಳ ಮೀಥೈಲ್ ಲೋಪವಾಯಿತು. ಪುನಃ ಒದಗಿಸಲು ಮರಳಿತು. ತೊಲಗಿಸಿದುದು ವ್ಯತಿರೇಕ, ಒದಗಿಸಿದುದು ಅನ್ವಯ. ಆದರೆ ವ್ಯತಿರೇಕಮಾತ್ರದಿಂದ ತೃಪ್ತಿಪಡುವುದು ಯುಕ್ತವಲ್ಲ. ಎಳೆಯ ಮಡಿಕೆ ಕೆಟ್ಟುದರಿಂದಲೂ ಮೀಥೈಲ್ ತಪ್ಪಿರಬಹುದೆಂದು ಪೂರ್ವಪಕ್ಷಿಯು ಹೇಳಬಲ್ಲನು. ಈ ಶಂಕೆಯನ್ನು ಪರಿಹರಿಸಿದುದು ಅದೇ ವರ್ಷ ‘ನೇಚರ್’ ಪತ್ರಿಕೆಯಲ್ಲಿ ಬಂದ ಕವಾಯೆ, ನಿಕೊಲೊಸೊ, ಬಾಶೆಲ್ಲೆರಿ ಎಂಬವರ ಲೇಖನ. ಪೂರಕಭಾಗವನ್ನು ಬದಲಿಸಲು, ಹಿಂದೆ ಮೀಥೈಲ್ ಇಲ್ಲದ ಹೊಸ ಸ್ಥಾನಕ್ಕೆ ಅದು ಸೇರಿತು. ಎರಡು ಲೇಖನಗಳನ್ನೂ ಕೂಡಿಸಿ ಓದಿದರೆ ಮಾತ್ರ ಸಿದ್ಧಾಂತವು ನಿಲ್ಲುತ್ತದೆ.

ಇನ್ನು ಪದದ ವಿಚಾರ. ‘ಮಾರ್ಗದರ್ಶಕ’ವೆಂಬ ಹೆಸರಿನಿಂದ ಆರ್.ಎನ್.ಎ.ಯೇ ಕರ್ತೃವೆಂಬ ಭ್ರಾಂತಿ ಹುಟ್ಟಬಾರದು. ಅದು ಸ್ಥಾನವನ್ನು ತೋರುತ್ತದೆಯೇ ಹೊರತು ಮೀಥೈಲನ್ನು ಸೇರಿಸುವುದಿಲ್ಲ. ಆ ಕರ್ತೃತ್ವವು ಫೈಬ್ರಿಲ್ಲರಿನ್ ಎಂಬ ಪ್ರೋಟೀನಿನದು. ಆರ್ಕಿಯಾ ವರ್ಗದ ಮೂರು ಪ್ರೋಟೀನುಗಳನ್ನೂ ಮಾರ್ಗದರ್ಶಕ ಆರ್.ಎನ್.ಎ.ಯನ್ನೂ ನಳಿಕೆಯಲ್ಲಿ ಕೂಡಿಸಿ ಈ ಕ್ರಿಯೆಯನ್ನು ನಡೆಯಿಸಿದ ಪ್ರಯೋಗವು 2002ರಲ್ಲಿ ಪ್ರಕಟವಾಯಿತು. 1997ರಲ್ಲಿ ಕಂಡುಬಂದಂತೆ, ಇನ್ನೊಂದು ವರ್ಗದ ಕಿರು ಆರ್.ಎನ್.ಎ.ಗಳು ಯೂರಿಡಿನನ್ನು ಸ್ಯೂಡೋಯೂರಿಡಿನ್ ಆಗಿ ಮಾರ್ಪಡಿಸುವ ಸ್ಥಾನಗಳನ್ನು ನಿರ್ದೇಶಿಸುವುದೂ ಇದೇ ನ್ಯಾಯದಿಂದ.

ಆದರೆ ಸ್ಥಾನನಿರ್ಣಯವು ಸಿದ್ಧವಾದೊಡನೆ ಪ್ರಯೋಜನವೂ ಸಿದ್ಧವಾದಂತಾಗದು. ಯೀಸ್ಟಿನಲ್ಲಿ ಇಂತಹ ಬಹುತೇಕ ಮಾರ್ಗದರ್ಶಕಗಳನ್ನು ಒಂದೊಂದಾಗಿ ತೊಲಗಿಸಿದರೂ ಜೀವವು ನಿಲ್ಲುತ್ತದೆ. ಫೈಬ್ರಿಲ್ಲರಿನ್ ತೊಲಗಿದರೆ ನಿಲ್ಲದು. ಇದರಿಂದಲೂ ಮೀಥೈಲುಗಳ ಸಮುದಾಯಕ್ಕೆ ಪ್ರಯೋಜನವುಂಟೆಂದು ನಿರ್ಣಯಿಸಲಾಗದು, ಆ ಪ್ರೋಟೀನಿಗೆ ಬೇರೆ ಕಾರ್ಯಗಳೂ ಇರುವುದರಿಂದ. ‘ಎಲ್ಲಿ’ ಎಂಬ ಪ್ರಶ್ನೆಯ ಉತ್ತರವನ್ನು ‘ಏಕೆ’ ಎಂಬುದಕ್ಕೂ ಸಲ್ಲಿಸುವುದು ಅತಿವ್ಯಾಪ್ತಿಯೆನಿಸುತ್ತದೆ. ಈ ಮೇರೆಯನ್ನರಿತು ಓದುವವರಿಗೆ ಮೇಲಿನ ಎರಡು ಲೇಖನಗಳೂ ಪ್ರಮಾಣಶೋಧನೆಯ ಉತ್ತಮ ನಿದರ್ಶನಗಳು.