ಜೀಪನ್ನು ಎತ್ತರಿಸುವುದು: ಒಂದು ವಿಮರ್ಶೆ

ಮಲೆನಾಡಿನ ಯಾವುದಾದರೂ ಪೇಟೆಯ ಗ್ಯಾರೇಜಿನ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಹಳೆಯ ಜೀಪು, ಜಿಪ್ಸಿಗಳಲ್ಲಿ ಕೆಲವಾದರೂ ಮೂಲ ಎತ್ತರಕ್ಕಿಂತ ಎರಡು, ಮೂರು, ಒಮ್ಮೊಮ್ಮೆ ಐದು ಅಂಗುಲ ಮೇಲೆದ್ದು ನಿಂತಿರುವುದು ಕಾಣುತ್ತದೆ. ತೋಟಕ್ಕೆ ಗೊಬ್ಬರ ಸಾಗಿಸುವವರು, ಮಾಂದಲಪಟ್ಟಿಯಂಥ ಗುಡ್ಡಕ್ಕೆ ಪ್ರವಾಸಿಗರನ್ನು ಕರೆದೊಯ್ಯುವವರು, ಕೆಸರುದಾರಿಯಲ್ಲಿ ಓಡಿಸುವ ಹವ್ಯಾಸಿಗಳು ಇದನ್ನು ‘ಲಿಫ್ಟ್’ ಎನ್ನುತ್ತಾರೆ. ಎತ್ತರ ಹೆಚ್ಚಿದಷ್ಟೂ ವಾಹನ ಸಮರ್ಥವಾಗುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಈ ನಂಬಿಕೆಯಲ್ಲಿ ಎಷ್ಟು ಸತ್ಯವಿದೆ? ಒರೆಗೆ ಹಚ್ಚಲು ದೊಡ್ಡ ಪ್ರಯೋಗಾಲಯವೇನೂ ಬೇಡ. ಪ್ರೌಢಶಾಲೆ ಮತ್ತು ಪಿಯುಸಿಯಲ್ಲಿ ನೀವು ಕಲಿಸುವ, ಕಲಿಯುವ ಭೌತವಿಜ್ಞಾನ ಸಾಕು.

ಉದಾಹರಣೆಗೆ ಮಾರುತಿ ಜಿಪ್ಸಿಯನ್ನು ತೆಗೆದುಕೊಳ್ಳೋಣ. 1985ರಲ್ಲಿ ಬಂದ ಈ ವಾಹನದ ಮಾರಾಟ ಸಾರ್ವಜನಿಕರಿಗೆ 2019ರ ಹೊತ್ತಿಗೆ ನಿಂತಿತು. ಆದರೂ ಸಾವಿರಾರು ಜಿಪ್ಸಿಗಳು ಇನ್ನೂ ಓಡುತ್ತಿವೆ. ಹಳೆಯ ಜೀಪಿನಂತೆ ಇದರಲ್ಲೂ ಮುಂದೆ ಮತ್ತು ಹಿಂದೆ ಗಡುಸಾದ ಇಡೀ ಅಚ್ಚು, ಅದನ್ನು ಹಿಡಿದ ಪ್ಲೇಟು ಸ್ಪ್ರಿಂಗ್. ಎಡ ಮತ್ತು ಬಲ ಚಕ್ರಗಳ ನಡುವಿನ ಅಂತರ ಸುಮಾರು 1300 ಮಿಮೀ. ಮುಂದಿನ ಅಚ್ಚಿಗೂ ಹಿಂದಿನದಕ್ಕೂ ಅಂತರ 2375 ಮಿಮೀ. ಈ ಎರಡು ಸಂಖ್ಯೆಗಳನ್ನು ನೆನಪಿಡಿ.

ಮೇಲೇಳುವುದು ಯಾವುದು?

ಮೊದಲ ಪ್ರಶ್ನೆಯೇ ಹಲವರನ್ನು ತಬ್ಬಿಬ್ಬುಗೊಳಿಸುತ್ತದೆ. ಸ್ಪ್ರಿಂಗನ್ನು ಎತ್ತರಿಸಿದಾಗ ಮೇಲೇಳುವುದು ಚಾಸಿ ಮತ್ತು ಬಾಡಿ ಮಾತ್ರ. ಅಚ್ಚು ಇದ್ದಲ್ಲೇ ಇರುತ್ತದೆ. ಅದರ ನಡುವೆ ಉಬ್ಬಿಕೊಂಡಿರುವ ಡಿಫರೆನ್ಶಿಯಲ್ ಗುಂಡೇ ಇಂಥ ವಾಹನದ ಅತ್ಯಂತ ತಗ್ಗಿನ ಭಾಗ. ದಾರಿಯ ನಡುವಿನ ಕಲ್ಲು ಬಡಿಯುವುದು ಅದಕ್ಕೇ. ಐದು ಅಂಗುಲ ಲಿಫ್ಟ್ ಮಾಡಿಸಿದರೂ ಅದರ ಕೆಳಗಿನ ಜಾಗ ಒಂದು ಮಿಲಿಮೀಟರ್ ಕೂಡ ಹೆಚ್ಚುವುದಿಲ್ಲ.

ಅದನ್ನು ಹೆಚ್ಚಿಸುವುದು ಟೈರು ಮಾತ್ರ. 205/70 ಆರ್15 ಟೈರಿನ ವ್ಯಾಸ ಸುಮಾರು 668 ಮಿಮೀ. 235/75 ಆರ್15 ಟೈರಿನದು ಸುಮಾರು 733 ಮಿಮೀ. ವ್ಯತ್ಯಾಸದ ಅರ್ಧ, ಅಂದರೆ ಸುಮಾರು 33 ಮಿಮೀ ಅಚ್ಚು ಮೇಲೇಳುತ್ತದೆ. ಇದಕ್ಕೂ ಬೆಲೆಯಿದೆ. ಪರಿಧಿ ಸುಮಾರು ನೂರಕ್ಕೆ 10ರಷ್ಟು ಹೆಚ್ಚುವುದರಿಂದ ಮಾಪಕ 60 ಕಿಮೀ ತೋರಿಸುವಾಗ ನಿಜವಾದ ವೇಗ 66 ಕಿಮೀ ಆಗಿರುತ್ತದೆ. ಏರಿನಲ್ಲಿ ಚಕ್ರಕ್ಕೆ ಸಿಗುವ ನೂಕುಬಲವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ.

ಹಾಗಾದರೆ ಲಿಫ್ಟ್ ವ್ಯರ್ಥವೇ? ಅಲ್ಲ. ದಿಬ್ಬದ ನೆತ್ತಿಯನ್ನು ದಾಟುವಾಗ ಎರಡು ಅಚ್ಚುಗಳ ನಡುವಿನ ಹೊಟ್ಟೆ ನೆಲಕ್ಕೆ ತಾಗುತ್ತದೆ. ಹೊಟ್ಟೆಯ ಎತ್ತರ 300 ಮಿಮೀ ಎಂದು ಇಟ್ಟುಕೊಂಡರೆ ದಾಟಬಲ್ಲ ದಿಬ್ಬದ ಕೋನ ಸುಮಾರು 28 ಡಿಗ್ರಿ. 50 ಮಿಮೀ ಎತ್ತರಿಸಿದರೆ ಅದು ಸುಮಾರು 33 ಡಿಗ್ರಿಯಾಗುತ್ತದೆ. ಮಳೆಗಾಲದ ಕೊರಕಲು ದಾರಿಯಲ್ಲಿ ಈ ಐದು ಡಿಗ್ರಿ ನಿಜವಾದ ಲಾಭ. ದೊಡ್ಡ ಟೈರು ಮಡ್‌ಗಾರ್ಡಿಗೆ ಉಜ್ಜದಂತೆ ಜಾಗವೂ ಸಿಗುತ್ತದೆ. ಲಿಫ್ಟಿನ ಪರವಾಗಿ ಹೇಳಬಹುದಾದ ಮುಖ್ಯ ಮಾತುಗಳು ಇವೇ.

ಎತ್ತರದ ಬೆಲೆ

ಇನ್ನು ಖರ್ಚಿನ ಬಾಬ್ತು. ಓರೆಯಾದ ನೆಲದ ಮೇಲೆ ನಿಂತ ವಾಹನದ ಗುರುತ್ವ ಕೇಂದ್ರದಿಂದ ಎಳೆದ ಲಂಬರೇಖೆ ಕೆಳಬದಿಯ ಚಕ್ರವನ್ನು ದಾಟಿ ಹೊರಗೆ ಬಿದ್ದರೆ ವಾಹನ ಮಗುಚುತ್ತದೆ. ಮಗುಚುವ ಕೋನದ ಟ್ಯಾನ್ ಬೆಲೆ ಎಂದರೆ ಚಕ್ರಗಳ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದಾಗ ಬರುವ ಅನುಪಾತ. ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತವು 2001ರ ಮಾದರಿಯ ವಾಹನಗಳಿಂದ ಮೊದಲ್ಗೊಂಡು ಇದೇ ಅನುಪಾತವನ್ನು ಆಧರಿಸಿ ಮಗುಚುವಿಕೆಯ ದರ್ಜೆ ನೀಡತೊಡಗಿತು.

ಲೆಕ್ಕದ ಅನುಕೂಲಕ್ಕೆ ಗುರುತ್ವ ಕೇಂದ್ರದ ಎತ್ತರ 650 ಮಿಮೀ ಎಂದುಕೊಳ್ಳಿ. ಅನುಪಾತ 1, ಮಗುಚುವ ಕೋನ 45 ಡಿಗ್ರಿ. ಈಗ 75 ಮಿಮೀ, ಅಂದರೆ ಮೂರು ಅಂಗುಲ ಲಿಫ್ಟ್ ಮಾಡೋಣ. ಅಚ್ಚು, ಚಕ್ರಗಳು ಮೇಲೇಳದ್ದರಿಂದ ಒಟ್ಟು ಗುರುತ್ವ ಕೇಂದ್ರ 60 ಮಿಮೀ ಏರಿತೆನ್ನಿ. ಅನುಪಾತ 0.915ಕ್ಕೆ ಇಳಿಯುತ್ತದೆ, ಕೋನ 42.5 ಡಿಗ್ರಿ. ‘ಎರಡೂವರೆ ಡಿಗ್ರಿ ತಾನೇ’ ಎಂದು ನಿಮಗೆ ಅನ್ನಿಸಬಹುದು. ಗ್ಯಾರೇಜಿನ ವಾದವೂ ಅದೇ. ಆದರೆ ಹೋಲಿಕೆ ತಪ್ಪಾಗಿದೆ. 25 ಡಿಗ್ರಿ ಓರೆಯ ಇಳಿಜಾರಿನಲ್ಲಿ ಅಡ್ಡಲಾಗಿ ಹೋಗುವಾಗ ಮೇಲಿನ ಬದಿಯ ಚಕ್ರಗಳು 20 ಸೆಂಮೀ ದಿಂಡಿನ ಮೇಲೆ ಹತ್ತಿದವು ಎಂದಿಟ್ಟುಕೊಳ್ಳಿ. ಓರೆ ಇನ್ನೂ ಸುಮಾರು 9 ಡಿಗ್ರಿ ಹೆಚ್ಚಿ 34ರ ಹತ್ತಿರ ಬರುತ್ತದೆ. ಮೂಲ ಎತ್ತರದ ವಾಹನಕ್ಕೆ ಆಗ ಉಳಿದಿರುವುದು 11 ಡಿಗ್ರಿ. ಕಳೆದುಕೊಂಡ ಎರಡೂವರೆ ಡಿಗ್ರಿಯನ್ನು 45ರೊಂದಿಗಲ್ಲ, ಈ 11ರೊಂದಿಗೆ ಹೋಲಿಸಬೇಕು. ಉಳಿದ ಭದ್ರತೆಯ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಹೋಯಿತು! ದೊಡ್ಡ ಟೈರಿನ 33 ಮಿಮೀ ಸೇರಿಸಿದರೆ ಮಗುಚುವ ಕೋನ ಸುಮಾರು 41 ಡಿಗ್ರಿ. ಮೇಲ್ಛಾವಣಿಯ ಮೇಲೆ ಸಾಮಾನು, ಹಿಂದೆ ಎಂಟು ಜನ ಇದ್ದರೆ ಅದು ಮತ್ತೂ ಕೆಳಗೆ. ಓಡುವ ವಾಹನದಲ್ಲಿ ಬಾಡಿಯ ತೂಗಾಟ, ತಿರುವಿನ ಬಲಗಳು ಬೇರೆ.

ಜಿಪ್ಸಿಯ ಹತ್ತಿರದ ಬಂಧು ಸುಜುಕಿ ಸಮುರಾಯ್. ಹಠಾತ್ತನೆ ತಿರುಗಿಸಿದಾಗ ಅದು ಮಗುಚಬಹುದೆಂದು ಅಮೆರಿಕದ ‘ಕನ್ಸ್ಯೂಮರ್ ರಿಪೋರ್ಟ್ಸ್’ ಪತ್ರಿಕೆ 1988ರಲ್ಲಿ ಅದನ್ನು ಒಪ್ಪತಕ್ಕದ್ದಲ್ಲ ಎಂದು ಸಾರಿತು. ಪರೀಕ್ಷೆಯ ವಿಧಾನವನ್ನೇ ಪ್ರಶ್ನಿಸಿ ಕಂಪೆನಿ 1996ರಲ್ಲಿ ಮೊಕದ್ದಮೆ ಹೂಡಿತು; 2004ರಲ್ಲಿ ರಾಜಿಯಾಯಿತು. ಯಾರು ಸರಿ ಎಂಬುದು ಇಲ್ಲಿ ನಮಗೆ ಮುಖ್ಯವಲ್ಲ. ಮೂಲ ಎತ್ತರದಲ್ಲಿದ್ದ ವಾಹನದ ಬಗ್ಗೆಯೇ ಇಷ್ಟು ವಾದ ನಡೆದಿರುವಾಗ ಅದನ್ನು ಇನ್ನೂ ಎತ್ತರಿಸುವವರು ಎರಡು ಸಲ ಯೋಚಿಸಬೇಡವೇ?

ನಾಲ್ಕು ದಾರಿಗಳು

ಎತ್ತರಿಸಲು ಬಳಕೆಯಲ್ಲಿರುವ ವಿಧಾನಗಳನ್ನು ಈಗ ಒಂದೊಂದಾಗಿ ನೋಡೋಣ.

ಮೊದಲನೆಯದು ಉದ್ದನೆಯ ಶ್ಯಾಕಲ್. ಅತ್ಯಂತ ಅಗ್ಗದ ದಾರಿ, ಅತ್ಯಂತ ಜನಪ್ರಿಯವೂ ಹೌದು. ಸ್ಪ್ರಿಂಗಿನ ಒಂದು ತುದಿ ಚಾಸಿಗೆ ನೇರವಾಗಿ, ಇನ್ನೊಂದು ತುದಿ ಶ್ಯಾಕಲ್ ಮೂಲಕ ಸೇರಿರುತ್ತದೆ. ಅಚ್ಚು ಸುಮಾರು ನಡುವೆ ಇರುವುದರಿಂದ ಶ್ಯಾಕಲ್ಲನ್ನು 100 ಮಿಮೀ ಉದ್ದ ಮಾಡಿದರೆ ಸಿಗುವ ಎತ್ತರ 50 ಮಿಮೀ ಮಾತ್ರ. ಜೊತೆಗೆ, ಒಂದು ಮೀಟರ್ ಉದ್ದದ ಸ್ಪ್ರಿಂಗ್ ಸುಮಾರು 6 ಡಿಗ್ರಿ ವಾಲುತ್ತದೆ. ಅಚ್ಚೂ ಅಷ್ಟೇ ತಿರುಗುತ್ತದೆ. ಮುಂದಿನ ಅಚ್ಚಿನಲ್ಲಿ ಇದು ಗಂಭೀರ. ಸೈಕಲ್ಲಿನ ಮುಂದಿನ ಫೋರ್ಕು ಹಿಂದಕ್ಕೆ ವಾಲಿರುವುದನ್ನು ನೀವು ಗಮನಿಸಿದ್ದೀರಿ. ಕೈ ಬಿಟ್ಟರೂ ಚಕ್ರ ನೇರವಾಗಿ ನಿಲ್ಲಲು ಅದೂ ಒಂದು ಕಾರಣ. ಜೀಪಿನ ಮುಂದಿನ ಚಕ್ರಗಳು ತಿರುಗುವ ಅಕ್ಷಕ್ಕೂ ಇಂಥ ಕೆಲವೇ ಡಿಗ್ರಿಗಳ ವಾಲು ಇರುತ್ತದೆ. ಇದಕ್ಕೆ ಕ್ಯಾಸ್ಟರ್ ಎಂದು ಹೆಸರು. ಶ್ಯಾಕಲ್ ಮುಂದಿನ ತುದಿಯಲ್ಲಿರುವ ಹಳೆಯ ಜೀಪುಗಳಲ್ಲಿ ಉದ್ದನೆಯ ಶ್ಯಾಕಲ್ ಈ ವಾಲನ್ನು ಅಳಿಸಿಹಾಕುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳದು. ವಾಹನ ಅತ್ತಿತ್ತ ಅಲೆಯುತ್ತದೆ.

ಎರಡನೆಯದು ಹೆಚ್ಚುವರಿ ಪ್ಲೇಟು. ಒಂದೇ ದಪ್ಪದ ಐದು ಪ್ಲೇಟಿಗೆ ಆರನೆಯದನ್ನು ಸೇರಿಸಿದರೆ ಗಡಸುತನ ಸುಮಾರು ನೂರಕ್ಕೆ 20ರಷ್ಟು ಹೆಚ್ಚುತ್ತದೆ. ಭಾರಕ್ಕೆ 75 ಮಿಮೀ ತಗ್ಗುತ್ತಿದ್ದ ಸ್ಪ್ರಿಂಗ್ ಈಗ 62.5 ಮಿಮೀ ತಗ್ಗುತ್ತದೆ. ಗಡಸುತನದಿಂದ ದಕ್ಕಿದ ಎತ್ತರ ಅರ್ಧ ಅಂಗುಲ, ಅಷ್ಟೇ. ನಷ್ಟ ಮಾತ್ರ ದೊಡ್ಡದು. ಉಬ್ಬುತಗ್ಗಿನ ದಾರಿಯಲ್ಲಿ ಸ್ಪ್ರಿಂಗ್ ಬಾಗಿದರೆ ತಾನೇ ನಾಲ್ಕೂ ಚಕ್ರ ನೆಲ ಮುಟ್ಟುವುದು? ಗಡುಸಾದ ಸ್ಪ್ರಿಂಗ್ ಬಾಗದೆ ಒಂದು ಚಕ್ರವನ್ನು ಗಾಳಿಯಲ್ಲಿ ಎತ್ತಿ ಹಿಡಿಯುತ್ತದೆ. ಸಾಧಾರಣ ಡಿಫರೆನ್ಶಿಯಲ್ ಎರಡೂ ಚಕ್ರಗಳಿಗೆ ಸಮನಾದ ತಿರುಗುಬಲವನ್ನಷ್ಟೇ ಕೊಡಬಲ್ಲದು. ಗಾಳಿಯಲ್ಲಿರುವ ಚಕ್ರಕ್ಕೆ ಪ್ರತಿರೋಧವಿಲ್ಲ. ಆದ್ದರಿಂದ ಅದು ಗಿರಗಿರನೆ ಸುತ್ತುತ್ತದೆ, ನೆಲದ ಮೇಲಿರುವ ಜೊತೆಗಾರನಿಗೂ ಬಲ ಸಿಗುವುದಿಲ್ಲ. ಕೆಟ್ಟ ದಾರಿಗೆಂದು ಮಾಡಿಸಿದ ಬದಲಾವಣೆ ಕೆಟ್ಟ ದಾರಿಯಲ್ಲೇ ಕೈಕೊಡುತ್ತದೆ.

ಮೂರನೆಯದು ಅಚ್ಚಿಗೂ ಸ್ಪ್ರಿಂಗಿಗೂ ನಡುವೆ ಇಡುವ ಕಬ್ಬಿಣದ ದಿಮ್ಮಿ. ಸ್ಪ್ರಿಂಗ್ ಅಚ್ಚಿನ ಮೇಲಿರುವ ವಾಹನಗಳಲ್ಲಿ ಮಾತ್ರ ಇದು ಸಾಧ್ಯ. ದಿಮ್ಮಿ ಎತ್ತರವಾದಷ್ಟೂ ಬ್ರೇಕಿನ ಮತ್ತು ಎಂಜಿನ್ನಿನ ತಿರುಚುಬಲಕ್ಕೆ ಸನ್ನೆಯ ತೋಳು ಉದ್ದವಾಗುತ್ತದೆ. ಸ್ಪ್ರಿಂಗ್ ಹಾವಿನಂತೆ ಸೊಟ್ಟಗಾಗುತ್ತದೆ. ಬ್ರೇಕಿನ ಹೆಚ್ಚಿನ ಹೊರೆ ಬೀಳುವ ಮುಂದಿನ ಅಚ್ಚಿಗೆ ದಿಮ್ಮಿ ಇಡಲೇಬಾರದು. ಹಿಂದೆಯೂ ಒಂದರ ಮೇಲೊಂದು ಪೇರಿಸುವುದು ಅಪಾಯ. ಸ್ಪ್ರಿಂಗ್ ಅಚ್ಚಿನ ಕೆಳಗಿರುವ ಜಿಪ್ಸಿಯಂಥ ವಾಹನದಲ್ಲಿ ಅದನ್ನೇ ಅಚ್ಚಿನ ಮೇಲಕ್ಕೆ ವರ್ಗಾಯಿಸಿ ಒಮ್ಮೆಗೇ ಐದು ಅಂಗುಲ ಗಳಿಸುವವರೂ ಇದ್ದಾರೆ. ಇಲ್ಲೂ ಅದೇ ಸೊಟ್ಟಗಾಗುವ ತೊಂದರೆ. ಸ್ಟೀರಿಂಗಿನ ಕೊಂಡಿಗಳನ್ನೂ ಹೊಸದಾಗಿ ಜೋಡಿಸಬೇಕು. ನಮ್ಮ ಲೆಕ್ಕದಲ್ಲಿ ಮಗುಚುವ ಕೋನ 41 ಡಿಗ್ರಿಗೆ ಇಳಿಯುತ್ತದೆ, ಅದೂ ಟೈರು ಬದಲಿಸುವ ಮೊದಲೇ.

ನಾಲ್ಕನೆಯದು ಹೆಚ್ಚು ಕಮಾನಿರುವ, ಆದರೆ ಗಡಸುತನ ಮೂಲದಷ್ಟೇ ಇರುವ ಹೊಸ ಸ್ಪ್ರಿಂಗ್ ಸೆಟ್. ದುಬಾರಿ, ನಿಜ. ಆದರೆ ಅಚ್ಚು ತಿರುಗುವುದಿಲ್ಲ, ಚಕ್ರಗಳ ಏರಿಳಿತ ಉಳಿಯುತ್ತದೆ. ನಾಲ್ಕರಲ್ಲಿ ಭೌತವಿಜ್ಞಾನದ ಒಪ್ಪಿಗೆ ಪಡೆಯುವುದು ಇದೊಂದೇ.

ಶಾಫ್ಟಿನ ದೂರು

ಯಾವ ದಾರಿ ಹಿಡಿದರೂ ತಪ್ಪದ ಒಂದು ತೊಡಕಿದೆ. ಚಾಸಿ ಮೇಲೆದ್ದಂತೆ ಪ್ರೊಪೆಲ್ಲರ್ ಶಾಫ್ಟು ಹೆಚ್ಚು ಓರೆಯಾಗುತ್ತದೆ. 60 ಸೆಂಮೀ ಉದ್ದದ ಶಾಫ್ಟಿಗೆ 75 ಮಿಮೀ ಎತ್ತರ ಎಂದರೆ ಸುಮಾರು 7 ಡಿಗ್ರಿ. ಯೂನಿವರ್ಸಲ್ ಜಾಯಿಂಟಿನ ಗುಣ ವಿಚಿತ್ರ. ಒಂದು ಬದಿ ಸಮವೇಗದಲ್ಲಿ ತಿರುಗಿದರೂ ಇನ್ನೊಂದು ಬದಿ ಪ್ರತಿ ಸುತ್ತಿನಲ್ಲಿ ಎರಡು ಸಲ ವೇಗವಾಗಿ, ಎರಡು ಸಲ ನಿಧಾನವಾಗಿ ತಿರುಗುತ್ತದೆ. ಕೋನ 15 ಡಿಗ್ರಿಯಾದರೆ ಈ ಏರಿಳಿತ ಎರಡೂ ಕಡೆಗೆ ನೂರಕ್ಕೆ ಸುಮಾರು ಮೂರೂವರೆ. ಶಾಫ್ಟಿನ ಎರಡೂ ತುದಿಯ ಕೋನಗಳು ಸಮನಾಗಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ರದ್ದುಮಾಡುತ್ತದೆ. ಶ್ಯಾಕಲ್ ಉದ್ದಮಾಡಿ ಅಚ್ಚನ್ನು ತಿರುಗಿಸಿದಾಗ ಈ ಸಮತೆಯೇ ಕೆಡುತ್ತದೆ. ನಡುಕ ಶುರುವಾಗಿ ಜಾಯಿಂಟಿನ ಬೇರಿಂಗುಗಳು ಬೇಗ ಸವೆಯುತ್ತವೆ. ಹಳೆಯ ವಾಹನದಲ್ಲಿ ಅವು ಮೊದಲೇ ಸವೆದಿರುವುದು ಸಾಮಾನ್ಯ.

ಹಾಗಾದರೆ ಆಯ್ಕೆ ಹೇಗೆ?

ಮೊದಲು ಟೇಪು ಹಿಡಿದು ಅಳೆಯಿರಿ. ಸಮತಟ್ಟಾದ ನೆಲದಲ್ಲಿ ನಾಲ್ಕೂ ಮೂಲೆಯ ಎತ್ತರವನ್ನು ಮೂಲ ಅಳತೆಯೊಂದಿಗೆ ಹೋಲಿಸಿ. ದಶಕಗಳ ಭಾರಕ್ಕೆ ಸ್ಪ್ರಿಂಗ್ ಕಮಾನು ಕಳೆದುಕೊಂಡಿರುತ್ತದೆ, ಬುಷ್‌ಗಳು ಸವೆದಿರುತ್ತವೆ. ಹಲವು ವಾಹನಗಳಿಗೆ ಬೇಕಾಗಿರುವುದು ಲಿಫ್ಟ್ ಅಲ್ಲ, ಕಳೆದುಹೋದ ಎತ್ತರವನ್ನು ಮರಳಿ ಪಡೆಯುವುದು. ಒಳ್ಳೆಯ ಸ್ಪ್ರಿಂಗ್, ಬುಷ್, ಶಾಕ್ ಅಬ್ಸಾರ್ಬರ್ ಹಾಕಿಸಿ ಓಡಿಸಿ ನೋಡಿ. ಆಗಲೂ ಹೊಟ್ಟೆ ತಾಗುತ್ತಿದ್ದರೆ ಮಾತ್ರ ಮುಂದಿನ ಮಾತು.

ಆ ಮುಂದಿನ ಮಾತಿಗೂ ಎರಡು ಅಂಗುಲದ ಮಿತಿ ಇರಲಿ. ಎತ್ತರಿಸಿದ ಮೇಲೆ ಅಚ್ಚು ಪೂರ್ತಿ ಕೆಳಗಿಳಿದಾಗ ಬ್ರೇಕಿನ ರಬ್ಬರ್ ಕೊಳವೆ ಬಿಗಿಯಾಗಿ ಎಳೆಯಬಾರದು, ಶಾಕ್ ಅಬ್ಸಾರ್ಬರ್ ತುದಿ ಮುಟ್ಟಬಾರದು. ಕಾನೂನನ್ನೂ ಮರೆಯಬೇಡಿ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ತಯಾರಕರ ಮೂಲ ವಿವರಣೆಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನೇ ಸ್ಪಷ್ಟವಾಗಿ ಎತ್ತಿಹಿಡಿಯಿತು. ಹೀಗಾಗಿ ಸಾರ್ವಜನಿಕ ರಸ್ತೆಯಲ್ಲಿ ಓಡುವ ವಾಹನಕ್ಕೆ, ಅದರಲ್ಲೂ ಬಾಡಿಗೆಗೆ ಜನರನ್ನು ಕೂರಿಸುವ ವಾಹನಕ್ಕೆ, ಮೂಲ ಎತ್ತರವೇ ಸರಿಯಾದ ಎತ್ತರ. ಹಿಂದಿನ ಸೀಟಿನಲ್ಲಿ ಕುಳಿತ ಪ್ರವಾಸಿಗೆ ಈ ಟ್ಯಾನ್ ಲೆಕ್ಕ ಗೊತ್ತಿರುವುದಿಲ್ಲ. ಆದರೆ ಮಗುಚಿದಾಗ ಪೆಟ್ಟು ತಿನ್ನುವವರಲ್ಲಿ ಅವನೂ ಒಬ್ಬ.

ಶಿಕ್ಷಕರಿಗೆ ಒಂದು ಸೂಚನೆ. ಒಂದು ಹಲಗೆ, ಒಂದು ಕೋನಮಾಪಕ, ಖಾಲಿ ಚಪ್ಪಲಿ ಡಬ್ಬಿ ಮತ್ತು ಒಂದು ಕಲ್ಲು ತೆಗೆದುಕೊಳ್ಳಿ. ಡಬ್ಬಿ ಜಾರದಂತೆ ಹಲಗೆಯ ಮೇಲೆ ಸಣ್ಣ ಪಟ್ಟಿ ಅಂಟಿಸಿ. ಕಲ್ಲನ್ನು ಡಬ್ಬಿಯ ತಳದಲ್ಲಿ ಕಟ್ಟಿ, ಹಲಗೆಯನ್ನು ನಿಧಾನವಾಗಿ ಎತ್ತಿ ಡಬ್ಬಿ ಉರುಳುವ ಕೋನವನ್ನು ಬರೆದುಕೊಳ್ಳಲು ಹೇಳಿ. ಆಮೇಲೆ ಕಲ್ಲನ್ನು ಎರಡೆರಡು ಸೆಂಟಿಮೀಟರ್ ಮೇಲಕ್ಕೆ ಸರಿಸುತ್ತ ಹೋಗಿ. ಬಂದ ಕೋನಗಳ ನಕ್ಷೆಯನ್ನು ವಿದ್ಯಾರ್ಥಿಗಳೇ ಬಿಡಿಸಲಿ. ಮುಂದೆ ಎಂದಾದರೂ ಗ್ಯಾರೇಜಿನಲ್ಲಿ ‘ಇನ್ನೂ ಎರಡು ಅಂಗುಲ ಎತ್ತಿಸೋಣವೇ?’ ಎಂಬ ಪ್ರಶ್ನೆ ಬಂದಾಗ ಆ ನಕ್ಷೆ ಅವರ ಕಣ್ಣ ಮುಂದೆ ಬಂದರೆ ಪಾಠ ಸಾರ್ಥಕ.